ಪಿಯುಸಿಯ ಮೊದಲ ಮೂರು ತಿಂಗಳು

ಕಳೆದ ತಿಂಗಳ ಕೊನೆಯ ವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಸ್ಟಾಫ್ ರೂಮಿಗೆ ಬಂದರು. ಕೈಯಲ್ಲಿ ಅರ್ಜಿ. "ಮೇಡಂ, ಇವಳನ್ನ ಆರ್ಟ್ಸಿಗೆ ಹಾಕ್ಕೊಡಿ. ರಾತ್ರಿ ಹನ್ನೆರಡಾದ್ರೂ ಪುಸ್ತಕ ಹಿಡ್ಕೊಂಡು ಕೂತಿರ್ತಾಳೆ. ಊಟ ಸೇರ್ತಿಲ್ಲ. ಸೈನ್ಸು ನಮ್ಮಂಥೋರಿಗಲ್ಲ ಅನ್ಸುತ್ತೆ." ಮಗಳು ಕಿಟಕಿಯಾಚೆ ನೋಡುತ್ತಾ ನಿಂತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 581. ಹಳ್ಳಿಯ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ನಮ್ಮ ಮೊದಲ ಟೆಸ್ಟಿನಲ್ಲಿ ಫಿಸಿಕ್ಸಿಗೆ 25ಕ್ಕೆ 6.

ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ನಾನು ಫಿಸಿಕ್ಸ್ ಪಾಠ ಮಾಡಲು ಶುರು ಮಾಡಿ 14 ವರ್ಷವಾಯಿತು. ಫಸ್ಟ್ ಪಿಯುಸಿ ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ಇಂಥ ಅರ್ಜಿಗಳು ಪ್ರತಿ ವರ್ಷ ಬರುತ್ತವೆ. ಬರುವವರು ಓದದ ಮಕ್ಕಳಲ್ಲ. ಊರಿನ ಶಾಲೆಗೇ ಮೊದಲು ಬಂದವರು, ಶಾಲೆಯ ಮುಂದೆ ಫ್ಲೆಕ್ಸಿನಲ್ಲಿ ಫೋಟೋ ಹಾಕಿಸಿಕೊಂಡವರು. ಅಂಥ ಮಗು ಅರವತ್ತೇ ದಿನದಲ್ಲಿ "ನನಗೆ ತಲೆ ಇಲ್ಲ" ಎನ್ನುವ ತೀರ್ಮಾನಕ್ಕೆ ಬಂದುಬಿಡುತ್ತದೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದಕ್ಕೇ ಈ ಬರಹ.

ಆ ದಿನ ಅರ್ಜಿಯನ್ನು ಪಕ್ಕಕ್ಕಿಟ್ಟು ಅವಳನ್ನು ಎದುರಿಗೆ ಕೂರಿಸಿಕೊಂಡೆ. ಇಂಗ್ಲಿಷಿನಲ್ಲಿರುವ ನಮ್ಮ ಫಿಸಿಕ್ಸ್ ಪುಸ್ತಕದ ಸರಳ ರೇಖೆಯ ಚಲನೆಯ ಪಾಠ ತೆಗೆದು, "ಈ ಒಂದು ಪುಟ ಓದಮ್ಮ, ಗೊತ್ತಿಲ್ಲದ ಪದದ ಕೆಳಗೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕು" ಎಂದೆ. ಡಿಸ್‌ಪ್ಲೇಸ್‌ಮೆಂಟ್, ವೆಲಾಸಿಟಿ, ಆಕ್ಸಲರೇಶನ್, ಇವುಗಳ ಕೆಳಗೇ ಗೆರೆ ಬೀಳುತ್ತದೆಂದು ನಾನು ಅಂದುಕೊಂಡಿದ್ದೆ. ಅವನ್ನು ಅವಳು ಮುಟ್ಟಲೇ ಇಲ್ಲ. ಗೆರೆ ಬಿದ್ದದ್ದು 'ರೆಸ್ಪೆಕ್ಟಿವ್ಲಿ' ಕೆಳಗೆ. 'ಆರ್ಬಿಟ್ರರಿ' ಕೆಳಗೆ. 'ನೆಗ್ಲಿಜಿಬಲ್', 'ಹೆನ್ಸ್', 'ಪ್ರೊವೈಡೆಡ್', 'ವಿತ್ ರೆಸ್ಪೆಕ್ಟ್ ಟು'. ಒಂದೇ ಪುಟದಲ್ಲಿ ಹದಿನೇಳು ಗೆರೆ.

ಇಷ್ಟು ವರ್ಷ ಪಾಠ ಮಾಡಿಯೂ ನಾನು ಇದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ವೇಗೋತ್ಕರ್ಷವೇ ಆಕ್ಸಲರೇಶನ್ ಎಂದು ಮೊದಲ ವಾರದಲ್ಲೇ ಬೋರ್ಡಿನ ಮೇಲೆ ಬರೆದಿರುತ್ತೇವೆ. ದಿನಕ್ಕೆ ಇಪ್ಪತ್ತು ಸಲ ಕಿವಿಗೆ ಬಿದ್ದು ಮಕ್ಕಳಿಗೆ ಅದು ಅಭ್ಯಾಸವಾಗುತ್ತದೆ. ಪದಕೋಶಗಳಲ್ಲೂ ಇರುವುದು ಅಂಥ ಪದಗಳೇ. ಆದರೆ ಎ ಮತ್ತು ಬಿ ಎಂಬ ಎರಡು ವಸ್ತುಗಳ ತೂಕ 2 ಕೆ.ಜಿ. ಮತ್ತು 5 ಕೆ.ಜಿ. 'ರೆಸ್ಪೆಕ್ಟಿವ್ಲಿ' ಎಂದಿದ್ದರೆ, ಆ ಕೊನೆಯ ಪದ ತಿಳಿಯದ ಮಗು ಯಾವುದು ಯಾವುದರ ತೂಕವೆಂದು ಅಲ್ಲೇ ನಿಂತುಬಿಡುತ್ತದೆ. 'ಕ್ರಮವಾಗಿ' ಎಂದು ಕನ್ನಡ ಪುಸ್ತಕದಲ್ಲಿ ನೂರು ಸಲ ಓದಿದ ಮಗುವೇ ಅದು! 'ಪ್ರೊವೈಡೆಡ್' ಪದವನ್ನು ಅವಳು ನಿಘಂಟಿನಲ್ಲಿ ಹುಡುಕಿ, ಪುಸ್ತಕದ ಅಂಚಿನಲ್ಲಿ 'ಒದಗಿಸಿದ' ಎಂದು ಬರೆದುಕೊಂಡಿದ್ದಳು. ಆ ವಾಕ್ಯದಲ್ಲಿ ಅದಕ್ಕೆ 'ಹೀಗಿದ್ದರೆ ಮಾತ್ರ' ಎಂಬ ಅರ್ಥ. ಒದಗಿಸಿದ ಎಂದಿಟ್ಟುಕೊಂಡು ಆ ವಾಕ್ಯವನ್ನು ಎಷ್ಟು ಸಲ ಓದಿರಬಹುದು? ಅವಳೇ ಹೇಳಿದಳು: "ಆ ಪುಟಕ್ಕೆ ಒಂದು ಗಂಟೆ ಆಯ್ತು ಮೇಡಂ. ಆದ್ರೂ ಅರ್ಥ ಆಗ್ಲಿಲ್ಲ."

ಆ ಒಂದು ಗಂಟೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಾಲೇಜಿನ ಟೈಮ್‌ಟೇಬಲ್ಲಿನಲ್ಲಿ ಅದಿಲ್ಲ, ಮನೆಯವರ ಕಣ್ಣಿಗೆ ಅದು ಕಾಣುವುದಿಲ್ಲ. ಇಂಗ್ಲಿಷ್ ಮಾಧ್ಯಮದಿಂದ ಬಂದ ಪಕ್ಕದ ಹುಡುಗಿ ಅದೇ ಪುಟವನ್ನು ಹದಿನೈದು ನಿಮಿಷದಲ್ಲಿ ಓದಿ ಲೆಕ್ಕಕ್ಕೆ ಕೂತಿರುತ್ತಾಳೆ. ಇವಳು ಭಾಷೆ, ವಿಷಯ ಎಂದು ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತಿದ್ದಾಳೆ, ಅಂಕ ಮಾತ್ರ ಒಂದಕ್ಕೇ.

ಇನ್ನು ಓದಿನ ಪ್ರಮಾಣ. ಎಸ್ಸೆಸ್ಸೆಲ್ಸಿಯ ಆರು ವಿಷಯಗಳಲ್ಲಿ ಗಣಿತ ಒಂದು, ವಿಜ್ಞಾನ ಒಂದು. ಭೌತ, ರಸಾಯನ, ಜೀವಶಾಸ್ತ್ರ ಮೂರೂ ಆ ಒಂದೇ ವಿಜ್ಞಾನದೊಳಗೆ. ಪಿಯುಸಿಗೆ ಬಂದರೆ ಆರರಲ್ಲಿ ನಾಲ್ಕು ಇವೇ ಆಗುತ್ತವೆ. ಈಗ ನಡೆಯುತ್ತಿರುವ, ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಪುಸ್ತಕಗಳ ಪ್ರಕಾರ ಫಸ್ಟ್ ಪಿಯುಸಿಯಲ್ಲಿ ಫಿಸಿಕ್ಸಿಗೆ 14, ಕೆಮಿಸ್ಟ್ರಿಗೆ 9, ಬಯಾಲಜಿಗೆ 19 ಅಧ್ಯಾಯ. ಒಟ್ಟು 42. ಗಣಿತದ 14 ಬೇರೆ. ಇದರ ಮೇಲೆ ಲ್ಯಾಬು. ವರ್ನಿಯರ್ ಕ್ಯಾಲಿಪರ್ಸ್ ಹಿಡಿದು 0.01 ಸೆಂ.ಮೀ.ವರೆಗೆ ಅಳೆಯುವುದನ್ನು ಕಲಿಯಬೇಕು, ಆಮೇಲೆ ಅದನ್ನೆಲ್ಲ ರೆಕಾರ್ಡಿಗೆ ಬರೆಯಬೇಕು, ಸಹಿ ಹಾಕಿಸಬೇಕು. ಈ ಹುಡುಗಿ ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಹೊರಟರೆ ಮನೆ ಮುಟ್ಟುವುದು ಸಂಜೆ ಆರರ ಮೇಲೆ. ಬಂದ ಮೇಲೆ ಹಸುವಿಗೆ ಹುಲ್ಲು, ಅಡಿಗೆಗೆ ಕೈ ಜೋಡಿಸುವುದು. ಪುಸ್ತಕ ತೆಗೆಯುವಷ್ಟರಲ್ಲಿ ಎಂಟೂವರೆ.

ನಮ್ಮ ವಿಷಯದ್ದೇ ಇನ್ನೊಂದು ತೊಡಕಿದೆ. ಇದನ್ನು ಪೋಷಕರು ತಿಳಿದಿರುವುದು ಒಳ್ಳೆಯದು. ಫಿಸಿಕ್ಸಿನ ಎರಡನೇ ಅಧ್ಯಾಯದಲ್ಲೇ ನಮಗೆ ಡಿಫರೆನ್ಸಿಯೇಶನ್, ಅಂದರೆ ಬದಲಾವಣೆಯ ದರ ಕಂಡುಹಿಡಿಯುವ ಲೆಕ್ಕ, ಬೇಕು. ಗಣಿತದ ಪುಸ್ತಕದಲ್ಲಿ ಅದು ಬರುವುದು ಹನ್ನೆರಡನೇ ಅಧ್ಯಾಯದಲ್ಲಿ. ಸಣ್ಣ ತುಂಡುಗಳನ್ನು ಕೂಡಿಸುವ ಇಂಟಿಗ್ರೇಶನ್ ಬರುವುದಂತೂ ಸೆಕೆಂಡ್ ಪಿಯುಸಿಯಲ್ಲಿ. ಮೂರನೇ ಅಧ್ಯಾಯಕ್ಕೆ ವೆಕ್ಟರ್ (ಪ್ರಮಾಣದ ಜೊತೆ ದಿಕ್ಕೂ ಇರುವ ರಾಶಿ) ಬೇಕು, ಗಣಿತದವರು ಅದನ್ನು ಮಾಡುವುದೂ ಮುಂದಿನ ವರ್ಷವೇ. ಅಂದರೆ ಯಾರೂ ಕಲಿಸದೇ ಇರುವುದನ್ನು ಮಗು ಆಗಲೇ ಕಲಿತಿದೆ ಎಂದಿಟ್ಟುಕೊಂಡು ಪಾಠ ಓಡುತ್ತದೆ. ಗೊತ್ತಾಗದ ಮಗುವಿಗೆ ಅದು ತನ್ನ ತಪ್ಪೆಂದೇ ಅನಿಸುತ್ತದೆ. ಎರಡು ವರ್ಷದಿಂದ ನಾನು ಮೊದಲ ಹತ್ತು ತರಗತಿಗಳನ್ನು ಇದಕ್ಕೇ ಬಿಡುತ್ತಿದ್ದೇನೆ. ಇಳಿಜಾರು, ಬದಲಾವಣೆಯ ದರ, ಸಣ್ಣ ಸಣ್ಣ ತುಂಡುಗಳನ್ನು ಕೂಡಿಸುವುದು, ಇಷ್ಟನ್ನು ಕನ್ನಡದಲ್ಲೇ, ಗ್ರಾಫ್ ಹಾಳೆಯ ಮೇಲೆ. ಪೋರ್ಷನ್ ಹಿಂದೆ ಬೀಳುತ್ತದೆ, ನಿಜ. ಡಿಸೆಂಬರ್ ಹೊತ್ತಿಗೆ ಅದನ್ನು ಹಿಡಿಯಬಹುದು. ಆಗಸ್ಟಿನಲ್ಲೇ ಬಿಟ್ಟುಹೋದ ಮಗುವನ್ನು ಡಿಸೆಂಬರಿನಲ್ಲಿ ಎಲ್ಲಿಂದ ತರುವುದು?

ನಾನೂ ಕನ್ನಡ ಮಾಧ್ಯಮದವಳೇ. ನಾನು ಪಿಯುಸಿಗೆ ಸೇರಿದ ದಿನ ಒಬ್ಬ ಉಪನ್ಯಾಸಕರು "ಕನ್ನಡ ಮೀಡಿಯಂನವರು ಕೈ ಎತ್ತಿ" ಎಂದರು. ನಾವು ಹನ್ನೊಂದು ಜನ ಎತ್ತಿದೆವು. "ನಿಮಗೆ ಕಷ್ಟ ಇದೆ" ಎಂದು ಹೇಳಿ ಪಾಠ ಶುರು ಮಾಡಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಎಚ್ಚರಿಸಿದ್ದಿರಬೇಕು. ಆದರೆ ಆಮೇಲೆ ಇಡೀ ವರ್ಷ ನಮ್ಮಲ್ಲಿ ಯಾರೂ ಸಂಶಯ ಕೇಳಲು ಎದ್ದು ನಿಲ್ಲಲಿಲ್ಲ. ಸೆಕೆಂಡ್ ಪಿಯುಸಿ ಹೊತ್ತಿಗೆ ಆ ಹನ್ನೊಂದರಲ್ಲಿ ಉಳಿದವರು ನಾಲ್ವರು. ಬಿಟ್ಟುಹೋದವರಲ್ಲಿ ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದ ಇಬ್ಬರಿದ್ದರು. ಇವತ್ತಿಗೂ ಅವರ ಮುಖ ನೆನಪಿದೆ.

ಪೋಷಕರಲ್ಲಿ ಒಂದು ಮಾತು ಬೇಡಿಕೊಳ್ಳುತ್ತೇನೆ. ಮೊದಲ ಟೆಸ್ಟಿನ ಅಂಕ ನೋಡಿ ಹೆದರಿ ಟ್ಯೂಷನ್ನಿಗೆ ಸೇರಿಸಬೇಡಿ. ಆರಕ್ಕೆ ಮನೆ ಸೇರುತ್ತಿದ್ದ ಮಗು ಎಂಟಕ್ಕೆ ಸೇರುವಂತಾಗುತ್ತದೆ. ಸ್ವಂತ ಓದಿಗೆ ಇದ್ದ ಎರಡು ಗಂಟೆಯೂ ಹೋಗುತ್ತದೆ. ಅದೇ ಪಾಠವನ್ನು ಅದೇ ಇಂಗ್ಲಿಷಿನಲ್ಲಿ ಎರಡನೇ ಸಲ ಕೇಳಿದರೆ ತೊಡಕು ಬಿಡುವುದಿಲ್ಲ. ಅವತ್ತಿನ ಪಾಠದ ಎರಡು ಪುಟವನ್ನು ಅವತ್ತೇ ಗಟ್ಟಿಯಾಗಿ ಓದಲಿ. ತಿಳಿದದ್ದನ್ನು ಅಮ್ಮನಿಗೋ ತಮ್ಮನಿಗೋ ಕನ್ನಡದಲ್ಲಿ ಹೇಳಲಿ. ಎಲ್ಲಿ ಹೇಳಲು ಬರುವುದಿಲ್ಲವೋ ಅಲ್ಲಿ ಗುರುತು ಹಾಕಿಕೊಂಡು ಬಂದು ನಮ್ಮನ್ನು ಕೇಳಲಿ. ಕೇಳಿಸಿಕೊಂಡು ಹೇಳಿಕೊಡುವುದು ನಮ್ಮ ಕರ್ತವ್ಯ, ಅದಕ್ಕೇ ನಮಗೆ ಸಂಬಳ ಬರುವುದು. ಹಾಗೆಯೇ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ: ದಯವಿಟ್ಟು ನೋಟ್ಸ್ ಬರೆಸುವುದನ್ನು ಕಡಿಮೆ ಮಾಡೋಣ. ಅರ್ಥವಾಗದ ಭಾಷೆಯನ್ನು ವೇಗವಾಗಿ ಬರೆದುಕೊಳ್ಳುವ ಮಗುವಿಗೆ ಕೈನೋವು ಉಳಿಯುತ್ತದೆ, ಪಾಠ ಉಳಿಯುವುದಿಲ್ಲ.

ಆರ್ಟ್ಸು, ಕಾಮರ್ಸು ಕೀಳೆಂದು ನಾನು ಹೇಳುತ್ತಿಲ್ಲ. ಇತಿಹಾಸ ಇಷ್ಟವೆಂದು ಬಿಟ್ಟುಹೋದ ಹುಡುಗನ ಅರ್ಜಿಗೆ ಸಂತೋಷದಿಂದ ಸಹಿ ಹಾಕಿದ್ದೇನೆ. ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶದ ನೀಟ್, ಜೆಇಇ ಮುಖ್ಯ ಪರೀಕ್ಷೆಗಳ ಪ್ರಶ್ನೆಪತ್ರಿಕೆಯೇ ಕನ್ನಡದಲ್ಲೂ ಸಿಗುವ ಕಾಲದಲ್ಲಿ, 'ರೆಸ್ಪೆಕ್ಟಿವ್ಲಿ' ಗೊತ್ತಿಲ್ಲವೆಂಬ ಕಾರಣಕ್ಕೆ ಒಂದು ಮಗು ವಿಜ್ಞಾನ ಬಿಡುವುದನ್ನು ಮಾತ್ರ ನಾನು ಒಪ್ಪಲಾರೆ.

ಆ ತಾಯಿಗೆ ಅಕ್ಟೋಬರ್‌ವರೆಗೆ ಸಮಯ ಕೊಡಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಮೇಲೆ ಭಾರ ಹಾಕಿದ್ದೀನಿ ಮೇಡಂ" ಎಂದು ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಆ ಶನಿವಾರ, ಭಾನುವಾರ ಕೂತು ಫಿಸಿಕ್ಸ್ ಪುಸ್ತಕದ ಮೊದಲ ನಾಲ್ಕು ಅಧ್ಯಾಯಗಳಿಂದ ಇಂಥ ಜೋಡಿಸುವ ಪದಗಳನ್ನೆಲ್ಲ ಹೆಕ್ಕಿದೆ. 130 ಪದ ಸಿಕ್ಕವು. ಪ್ರತಿಯೊಂದರ ಮುಂದೆ ಕನ್ನಡ ಅರ್ಥ, ಜೊತೆಗೆ ಆ ಪದ ಬರುವ ಒಂದು ವಾಕ್ಯ. ಕೈಬರಹದಲ್ಲಿ ಆರು ಪುಟವಾಯಿತು. ಜೆರಾಕ್ಸ್ ಮಾಡಿಸಿ ಇಡೀ ತರಗತಿಗೆ ಕೊಟ್ಟೆ. ಬೇಕಾದವರು ಕೇಳಿ, ಫೋಟೋ ತೆಗೆದು ಕಳಿಸುತ್ತೇನೆ. ಕೆಮಿಸ್ಟ್ರಿ, ಬಯಾಲಜಿಯ ಮೇಷ್ಟ್ರುಗಳು ತಮ್ಮ ವಿಷಯಕ್ಕೂ ಹೀಗೊಂದು ಮಾಡಿದರೆ ದೊಡ್ಡ ಉಪಕಾರ.

ನಿನ್ನೆ ಆ ಹುಡುಗಿ ತನ್ನ ಪ್ರತಿ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೊನೆಯ ಪುಟದ ಕೆಳಗೆ ಪೆನ್ಸಿಲಿನಲ್ಲಿ ಒಂಬತ್ತು ಪದ ಸೇರಿಸಿದ್ದಳು. "ಇವು ಬಿಟ್ಟುಹೋಗಿವೆ ಮೇಡಂ. 'ವೇರ್‌ಆಸ್' ಇಲ್ಲವೇ ಇಲ್ಲ. ಅದು ಐದನೇ ಅಧ್ಯಾಯದಲ್ಲೂ ಬರುತ್ತೆ." ಐದನೇ ಅಧ್ಯಾಯವನ್ನು ನಾನಿನ್ನೂ ಶುರು ಮಾಡಿಲ್ಲ.