ನಂದಿ ಬೆಟ್ಟದ ಪಿಕಳಾರಕ್ಕೆ ಮೊಬೈಲ್ ಕೂಗು ಹಾಕಬೇಡಿ

ಭಾನುವಾರದಿಂದ ಹೊಟ್ಟೆಯಲ್ಲಿ ಸಂಕಟ. ಇವತ್ತು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಪ್ರತಿ ವರ್ಷ ದಸರಾ ಮುಗಿದ ಮೇಲೆ ನಾನು ಕ್ಯಾಮೆರಾ ಹಿಡಿದು ಸುಲ್ತಾನ್‌ಪೇಟೆಯ ಮೆಟ್ಟಿಲು ದಾರಿಯಲ್ಲಿ ನಂದಿ ಬೆಟ್ಟ ಹತ್ತುವುದು ನಿಮಗೆಲ್ಲ ಗೊತ್ತು. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಮಂಡಿ ನೋಯುತ್ತೆ, ಆದರೂ ಗಾಡಿ ರಸ್ತೆ ಬೇಡ. ದಸರಾದಿಂದ ದೀಪಾವಳಿವರೆಗೆ ನಮ್ಮ ಕಡೆ ಬೀಳುವ ಬೆಳಕು ವರ್ಷದಲ್ಲಿ ಇನ್ಯಾವಾಗಲೂ ಸಿಗುವುದಿಲ್ಲ. ಮಳೆ ಧೂಳನ್ನೆಲ್ಲ ತೊಳೆದಿರುತ್ತೆ. ಅರ್ಧ ಹತ್ತಿ ತಿರುಗಿ ನೋಡಿದರೆ ಕೆಳಗೆ ರಾಗಿ ಹೊಲ ಕಂದು ಬಣ್ಣಕ್ಕೆ ತಿರುಗಿರುತ್ತೆ, ರಾಗಿ ನಡುವಿನ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತೆ. ಸ್ಕಂದಗಿರಿ ಬೆಟ್ಟ ಮಂಜಿನೊಳಗಿಂದ ನೆತ್ತಿ ಮಾತ್ರ ತೋರಿಸುತ್ತೆ. ಹೊರದೇಶದವರ ಹಾಗೆ ಎಲೆ ಕೆಂಪಾಗುವ ಕಾಲ ನಮಗಿಲ್ಲ. ನಮ್ಮ ಮರಗಳು ಎಲೆ ಉದುರಿಸುವುದು ಚಳಿ ಮುಗಿಯುವ ಹೊತ್ತಿಗೆ. ನಮ್ಮ ಶರತ್ಕಾಲದ ಬಣ್ಣವೆಲ್ಲ ಹೊಲದಲ್ಲೇ ಇದೆ.

ಹಿಮಾಲಯದ ಕಡೆಯ ಹಕ್ಕಿಗಳು ಬರುವುದಕ್ಕೆ ಶುರುವಾಗುವುದೂ ಇದೇ ಹೊತ್ತಿಗೆ. ಅದಕ್ಕೇ ಬೆಂಗಳೂರಿನಿಂದ ದೊಡ್ಡ ದೊಡ್ಡ ಲೆನ್ಸ್ ಹೊತ್ತವರೂ ಬರುತ್ತಾರೆ. ಬರಲಿ, ಬೆಟ್ಟ ಯಾರಪ್ಪನದೂ ಅಲ್ಲ. ನನ್ನ ತಕರಾರು ಒಂದೇ ಒಂದು: ಹಕ್ಕಿ ಹತ್ತಿರ ಬರಲಿ ಅಂತ ಮೊಬೈಲಿನಿಂದ ಅದರದೇ ಕೂಗು ಹಾಕುವುದು.

ನಾನು ಹುಡುಕಿಕೊಂಡು ಹೋಗುವುದು ಹಳದಿ ಕೊರಳಿನ ಪಿಕಳಾರವನ್ನು. ನಮ್ಮ ಮನೆ ಹಿತ್ತಲಿಗೆ ಬರುವ ಜುಟ್ಟಿನ ಪಿಕಳಾರ ಅಲ್ಲ ಇದು. ತಲೆ, ಕೊರಳು ಎಲ್ಲ ಅರಿಶಿನ ಸವರಿದ ಹಾಗೆ ಇರುತ್ತೆ. ದಕ್ಷಿಣ ಭಾರತದ ಕಲ್ಲುಬೆಟ್ಟ, ಕುರುಚಲು ಕಾಡು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅಳಿವಿನ ಅಪಾಯ ಇರುವ ಹಕ್ಕಿಗಳ ಪಟ್ಟಿಯಲ್ಲಿದೆ. 1791ರ ಅಕ್ಟೋಬರಿನಲ್ಲಿ ಬ್ರಿಟಿಷರು ತೋಪು ಹೊಡೆದು ಟಿಪ್ಪುವಿನ ಕೈಯಿಂದ ಕಿತ್ತುಕೊಂಡರಲ್ಲ, ನಂದಿ ಬೆಟ್ಟದ ಆ ಕೋಟೆಯ ಬಂಡೆಗಳೇ ಇದರ ಮನೆ. ಕೋಟೆ ಕಟ್ಟಿದವರು ಯಾವ ಕಾರಣಕ್ಕೆ ಈ ಬಂಡೆ ಆರಿಸಿಕೊಂಡರೋ ಈ ಹಕ್ಕಿಗೂ ಅದೇ ಕಾರಣ. ಯಾರೂ ಸುಲಭಕ್ಕೆ ಹತ್ತುವ ಹಾಗಿಲ್ಲ.

ಭಾನುವಾರ ಏಳು ಗಂಟೆ ಇರಬಹುದು. ದಾರಿ ಪಕ್ಕದ ಬಂಡೆ ಮೇಲೆ ನಾಲ್ಕು ಜನ ಸಣ್ಣ ಸ್ಪೀಕರ್ ಇಟ್ಟು, ಮೊಬೈಲಿನಿಂದ ಇದೇ ಪಿಕಳಾರದ ಕೂಗು ಹಾಕಿದ್ದರು. ಮುಗಿದ ತಕ್ಷಣ ಮತ್ತೆ, ಮತ್ತೆ. ಹಕ್ಕಿ ಬಂತು. ಕೊಕ್ಕಿನಲ್ಲಿ ಲಂಟಾನದ ಒಂದು ಕಪ್ಪು ಹಣ್ಣಿತ್ತು. ಸ್ಪೀಕರಿನಿಂದ ಎರಡು ಮಾರು ದೂರದ ಕಡ್ಡಿ ಮೇಲೆ ಕೂತಿತು, ಹಣ್ಣು ಬೀಳಿಸಿತು, ಮೈಗರಿ ಉಬ್ಬಿಸಿ ಕೊಕ್ಕು ತೆರೆದು ಕೂಗಿತು. ಈ ಕಡೆ ಹಾರಿತು, ಆ ಕಡೆ ಹಾರಿತು, ಬಂಡೆ ಸಂದಿಗೆ ಇಣುಕಿತು. ಅದರ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿದೆ ಅಂತ ತಿಳಿದಿದೆ. ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ. ಇವರ ಶಟರ್ ನಿಲ್ಲಲಿಲ್ಲ.

"ಏನಪ್ಪಾ, ಸಾಕು ಮಾಡಿ, ಅದು ತಿನ್ನೋದು ಬಿಟ್ಟು ಬಂದಿದೆ" ಅಂದೆ.

"ಎರಡೇ ನಿಮಿಷ ಸಾರ್, ಐ ಲೆವೆಲ್ ಸಿಗಲಿಲ್ಲ" ಅಂದ ಒಬ್ಬ. ಹಕ್ಕಿಯ ಕಣ್ಣಿನ ಮಟ್ಟದಿಂದ ತೆಗೆದ ಫೋಟೋ ಬೇಕಂತೆ. ಗಡಿಯಾರ ನೋಡಿಕೊಂಡೆ. ಅದಾದ ಮೇಲೆ ಇಪ್ಪತ್ತೈದು ನಿಮಿಷ ಹಾಕಿದರು. ಅವರು ಹೋಗಿ ಹತ್ತು ನಿಮಿಷಕ್ಕೆ ಇನ್ನೊಂದು ಗುಂಪು ಬಂತು. ಅದೇ ಬಂಡೆ, ಅದೇ ಕೂಗು.

ಒಂದು ಹಕ್ಕಿಗೆ ಬೆಳಗಾದ ಮೇಲಿನ ಮೊದಲ ಎರಡು ತಾಸು ಅಂದರೆ ಏನು ಗೊತ್ತಾ? ರಾತ್ರಿಯೆಲ್ಲ ಖಾಲಿ ಹೊಟ್ಟೆ. ಆ ಹೊತ್ತಿನಲ್ಲಿ ತಿಂದರೇ ಮೈಗೆ ಶಕ್ತಿ. ನಾವು ಅದೇ ಹೊತ್ತು ಕಿತ್ತುಕೊಂಡು, ಇಲ್ಲದ ಶತ್ರುವಿನ ಜೊತೆ ಗುದ್ದಾಟಕ್ಕೆ ಹಚ್ಚುತ್ತೇವೆ. ವಾರಕ್ಕೆ ಒಂದು ಗುಂಪಾದರೆ ಬೇರೆ ಮಾತು. ಭಾನುವಾರ ಬಂದರೆ ಬೆಟ್ಟದಲ್ಲಿ ಎಷ್ಟು ಜನ ಅಂತ ನಿಮಗೇ ಗೊತ್ತಲ್ಲ.

ಈಗ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಆರು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಕೊಕ್ಕು ತೆರೆದ ಪಿಕಳಾರದ ಫೋಟೋ ಹಾಕಿ "ಬೆಟ್ಟದ ಹಾಡುಗಾರ" ಅಂತ ಬರೆದಿದ್ದು ನೆನಪಿದೆಯಾ? ಎಷ್ಟೊಂದು ಜನ ಮೆಚ್ಚಿದ್ದಿರಿ. ಅದು ಹಾಡಾಗಿರಲಿಲ್ಲ. ಅದು ಬೆದರಿ, ರೇಗಿ ಕೂಗುತ್ತಿತ್ತು. ನನ್ನ ಜೇಬಿನಲ್ಲಿದ್ದ ಮೊಬೈಲಿಗೆ ರೇಗಿತ್ತು. ಭಾನುವಾರ ಅದೇ ಭಂಗಿ, ಅದೇ ತೆರೆದ ಕೊಕ್ಕು ಕಣ್ಣೆದುರು ನೋಡಿದಾಗ ಮೈ ಜುಂ ಅಂದಿತು. ಆ ಫೋಟೋ ಇವತ್ತು ಬೆಳಿಗ್ಗೆ ತೆಗೆದುಹಾಕಿದೆ.

ಇದನ್ನು ಹೇಳಿದಾಗ ಗೆಳೆಯರೊಬ್ಬರು ಕೇಳಿದರು: "ನಮ್ಮ ಜಿಲ್ಲೇಲಿ ಕಲ್ಲು ಕ್ವಾರಿಯವರು ಬೆಟ್ಟಕ್ಕೆ ಬೆಟ್ಟಾನೇ ಸಿಡಿಸ್ತಿದ್ದಾರೆ, ನೀವು ಒಂದು ಸ್ಪೀಕರ್ ಹಿಡ್ಕೊಂಡು ಕೂತಿದ್ದೀರಲ್ಲ?" ಕ್ವಾರಿ ದೊಡ್ಡ ಕಷ್ಟವೇ, ನಿಜ. ಆದರೆ ಬೆಟ್ಟ ಕರಗಿದಷ್ಟೂ ಉಳಿದ ಬಂಡೆಗಳ ಬೆಲೆ ಏರುತ್ತೆ ಅಲ್ವಾ? ಓಡಿ ಬಂದು ಸೇರಿಕೊಂಡ ಮೂಲೆಯಲ್ಲೂ ನೆಮ್ಮದಿ ಕೊಡದಿದ್ದರೆ ಹಕ್ಕಿ ಎಲ್ಲಿಗೆ ಹೋಗಬೇಕು? ಕ್ವಾರಿ ನಿಲ್ಲಿಸುವುದು ನನ್ನೊಬ್ಬನ ಕೈಯಲ್ಲಿಲ್ಲ. ಸ್ಪೀಕರ್ ಆರಿಸುವುದಕ್ಕೆ ಒಂದು ಬೆರಳು ಸಾಕು.

ಹಕ್ಕಿ ಎಣಿಸುವ ಸಂಶೋಧಕರೂ ಕೂಗು ಹಾಕುತ್ತಾರೆ ಅಂತ ಇನ್ನೊಂದು ವಾದ. ಅವರು ಲೆಕ್ಕ ಹಾಕಿ ಕೆಲವು ನಿಮಿಷ ಹಾಕಿ, ಬರೆದುಕೊಂಡು ಮುಂದೆ ಹೋಗುತ್ತಾರೆ. ಐ ಲೆವೆಲ್ ಬೇಕು ಅಂತ ಕೂರುವುದಿಲ್ಲ.

ಕೂಗು ಹಾಕದೆ ಪಿಕಳಾರ ಸಿಗುವುದಿಲ್ಲ ಅನ್ನುವುದಂತೂ ಸುಳ್ಳು. ಹಣ್ಣು ಬಿಟ್ಟ ಗಿಡದ ಹತ್ತಿರ ಸದ್ದು ಮಾಡದೆ ಸುಮ್ನೆ ಕೂತರೆ ತಾನಾಗಿ ಬರುತ್ತೆ. ಒಂದೊಂದು ದಿನ ಬರುವುದಿಲ್ಲ. ಆಗ ಕೆಳಗಿನ ರಾಗಿ ಹೊಲ ಇದೆ, ಮಂಜಿದೆ, ಪಶ್ಚಿಮ ಘಟ್ಟದ ಹಕ್ಕಿಯಾಗಿದ್ದೂ ನಮ್ಮ ಬೆಟ್ಟದ ತುದಿಯ ಕಾಡಿನಲ್ಲಿ ಉಳಿದುಕೊಂಡಿರುವ ನೀಲಗಿರಿ ಮರಪಾರಿವಾಳ ಇದೆ.

ಅಂಥ ಒಂದು ಗಿಡ ನನಗೆ ಗೊತ್ತು. ಜಾಗ ಇಲ್ಲಿ ಬರೆಯುವುದಿಲ್ಲ. ಬರುವ ಭಾನುವಾರ ಆರೂವರೆಗೆ ಸುಲ್ತಾನ್‌ಪೇಟೆ ಮೆಟ್ಟಿಲ ಹತ್ತಿರ ಇರುತ್ತೇನೆ, ಫ್ಲಾಸ್ಕಿನಲ್ಲಿ ಕಾಫಿ ತರುತ್ತೇನೆ. ಮೊನ್ನೆಯ ಆ ನಾಲ್ಕು ಜನರಲ್ಲಿ ಯಾರಾದರೂ ಇದನ್ನು ಓದಿದರೆ ನೀವೂ ಬನ್ನಿ. ಸ್ಪೀಕರ್ ಮನೆಯಲ್ಲೇ ಇರಲಿ.