ದಾಳವಿಲ್ಲದ ತೆರೆಗೆ ಕಥೆ ಹೊಂದಿಸುವುದು ಸುಲಭವಲ್ಲ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಗೆಲುವು ಸೋಲು ತೀರ್ಮಾನಿಸುತ್ತಾ ಮೇಜಿನ ಸುತ್ತ ಕುಳಿತು ಆಡಿದ ಕಥೆ ಸಿದ್ಧವಾಗಿಯೇ ಇರುವುದರಿಂದ ಅದನ್ನು ಆನಿಮೇಷನ್ ಸರಣಿಯಾಗಿಸುವುದು ಸುಲಭ ಎಂದು ನಿಮ್ಮಲ್ಲಿ ಪ್ರಕಟವಾದ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅಂಥ ಆಟದಿಂದಲೇ ಹುಟ್ಟಿದ ಆನಿಮೇಷನ್ ಸರಣಿ ‘ದಿ ಲೆಜೆಂಡ್ ಆಫ್ ವಾಕ್ಸ್ ಮೆಕಿನಾ’ವನ್ನೇ ನೋಡಿ. ತಮ್ಮ ಆಟವನ್ನು ಅಂತರ್ಜಾಲದಲ್ಲಿ ಪ್ರಸಾರ ಮಾಡುವ ‘ಕ್ರಿಟಿಕಲ್ ರೋಲ್’ ತಂಡದ ಆ ಆಟ 2015ರಿಂದ 2017ರವರೆಗೆ 115 ಕಂತುಗಳಲ್ಲಿ ಪ್ರಸಾರವಾಯಿತು, ಒಂದೊಂದೂ ಗಂಟೆಗಟ್ಟಲೆ. 2022ರಲ್ಲಿ ಬಂದ ಸರಣಿಯ ಮೊದಲ ಸೀಸನ್‌ನಲ್ಲಿ ಇದ್ದದ್ದು ಅರ್ಧ ಗಂಟೆಯ ಆಸುಪಾಸಿನ 12 ಕಂತು. ಏನನ್ನು ಬಿಡಬೇಕು ಎಂಬ ನಿರ್ಧಾರವೇ ಅಲ್ಲಿ ಅರ್ಧ ಬರವಣಿಗೆ.

ತುಮಕೂರಿನಲ್ಲಿ ನಾವು ಐವರು ಗೆಳೆಯರು ಭಾನುವಾರಗಳಂದು ಇಂಥದೇ ಆಟ ಆಡುತ್ತೇವೆ. ನಮ್ಮ ಕಥೆಯ ಕೋಟೆ ಮಧುಗಿರಿ ಬೆಟ್ಟದ ಕೋಟೆಯ ಪಡಿಯಚ್ಚು. ಕಳೆದ ತಿಂಗಳು ಗೆಳತಿಯೊಬ್ಬಳ ಇಪ್ಪತ್ತು ಮುಖದ ದಾಳದಲ್ಲಿ ಅತಿ ಕಡಿಮೆ ಅಂಕವಾದ ಒಂದು ಬಿತ್ತು. ಅವಳ ಪಾತ್ರ ಬಂಡೆಯಿಂದ ಜಾರಿತು. ಯಾರೂ ಉಸಿರೆತ್ತಲಿಲ್ಲ, ಏಕೆಂದರೆ ಮುಂದೇನೆಂದು ಕಥೆ ನಡೆಸುವವನಿಗೂ ಗೊತ್ತಿರಲಿಲ್ಲ. ತೆರೆಯ ಮೇಲೆ ದಾಳವಿಲ್ಲ. ಅಲ್ಲಿ ಸೋಲು ಪಾತ್ರದ ಭಯದಿಂದಲೋ ಹಟದಿಂದಲೋ ಹುಟ್ಟಬೇಕು. ‘ವಾಕ್ಸ್ ಮೆಕಿನಾ’ ಸರಣಿಯಲ್ಲಿ ಕುಟುಂಬವನ್ನು ಕಳೆದುಕೊಂಡ ಪರ್ಸಿ ಎಂಬ ಪಾತ್ರದ ಸೇಡಿನಲ್ಲಿ ಆ ತಂಡ ಅದನ್ನು ಸಾಧಿಸಿದೆ. ಅವನನ್ನು ಕೆಡವುವುದು ಅವನದೇ ಸಿಟ್ಟು.

ಈ ಆನಿಮೇಷನ್‌ಗಾಗಿ 2019ರಲ್ಲಿ ಜನರಿಂದ ಹಣ ಸಂಗ್ರಹಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಅವರು ಕೇಳಿದ್ದು 7.5 ಲಕ್ಷ ಡಾಲರ್. 88,887 ಮಂದಿ ಕೊಟ್ಟದ್ದು 1.13 ಕೋಟಿ ಡಾಲರ್‌ಗೂ ಹೆಚ್ಚು. ಇದನ್ನು ಲೇಖನ ಹೇಳಿದೆ, ಸರಿ. ಆದರೆ ಆಟಗಾರರೆಲ್ಲ ವೃತ್ತಿಯಿಂದಲೇ ಕಂಠದಾನ ಕಲಾವಿದರು, ವರ್ಷಗಟ್ಟಲೆ ತಾವು ಆಡಿದ ಪಾತ್ರಗಳಿಗೆ ಸರಣಿಯಲ್ಲೂ ತಾವೇ ದನಿಯಾದರು ಎಂಬುದನ್ನು ಬಿಟ್ಟದ್ದು ದೊಡ್ಡ ಕೊರತೆ. ದಯವಿಟ್ಟು ಅದರ ಬಗ್ಗೆ ಇನ್ನೊಂದು ಲೇಖನ ಬರೆಯಿರಿ.