ಏದುಸಿರಿಗೂ ನಂಬರ್ ಹಾಕುವ ಬೆಟ್ಟ

ಆಲ್ಪ್ಸ್‌ನಲ್ಲಿ ಸೈಕಲ್ ತುಳಿಯುವವರಿಗೆ ಏರು ದೊಡ್ಡ ತೊಂದರೆಯೇ ಅಲ್ಲ. ಏರು ನಮ್ಮಲ್ಲೂ ಇದೆ. ಫ್ರಾನ್ಸಿನ ಜಗತ್ಪ್ರಸಿದ್ಧ ಸೈಕಲ್ ಏರು ಆಲ್ಪ್ ದುಯೆಜ್ ಮುಗಿಯುವುದು 1,850 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಎತ್ತರದಲ್ಲಿ ನಾವೇ ಜಾಸ್ತಿ. ತೊಂದರೆ ಏನೆಂದರೆ, ಅಲ್ಲಿ ಯಾರೂ ನಮ್ಮನ್ನು ಸುಮ್ನೆ ನಮ್ಮ ಪಾಡಿಗೆ ಸುಸ್ತಾಗಲು ಬಿಡುವುದಿಲ್ಲ. ಆಗುಂಬೆ ಘಾಟಿಯಲ್ಲಿ ಸೈಕಲ್ ನಿಲ್ಲಿಸಿ ಕಟ್ಟೆ ಮೇಲೆ ಕೂತರೆ ಮಂಗ ಬಿಟ್ಟು ಬೇರೆ ಯಾರೂ ವಿಚಾರಿಸುವುದಿಲ್ಲ. ಆಲ್ಪ್ ದುಯೆಜ್‌ನಲ್ಲಾದರೆ ತಿರುವಿಗೊಂದು ಬೋರ್ಡು, ಬೋರ್ಡಿಗೊಂದು ನಂಬರು. ಅದೂ ಸಾಲದು ಅಂತ ನಮ್ಮ ಮುಖ ಅತಿ ಕೆಟ್ಟದಾಗಿ ಕಾಣುವ ಜಾಗ ನೋಡಿಕೊಂಡು ಒಬ್ಬ ಫೋಟೊಗ್ರಾಫರ್ ಬೇರೆ ನಿಂತಿರುತ್ತಾನೆ.

ನಾವಿರುವುದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. ಆ ದೇಶದ ಯುರೋಪಿನ ಭಾಗದಲ್ಲಿ ಅತಿ ಎತ್ತರದ ಬೆಟ್ಟ ಫಾಲ್ಸರ್‌ಬರ್ಗ್. ಎತ್ತರ 322 ಮೀಟರ್. ಬೆಂಗಳೂರಿನ ಬಸ್ ಸ್ಟ್ಯಾಂಡು ಅದಕ್ಕಿಂತ ಎಷ್ಟೋ ಮೇಲಿದೆ. ಇಲ್ಲಿ ಆಫೀಸಿಗೂ ಸೈಕಲ್ಲು, ತರಕಾರಿಗೂ ಸೈಕಲ್ಲು, ಮಳೆಯಲ್ಲೂ ಸೈಕಲ್ಲು. ಹೀಗೆ ವರ್ಷಗಟ್ಟಲೆ ತುಳಿದ ಮೇಲೆ ನಮ್ಮ ಯಜಮಾನರಿಗೆ ತಾವೊಬ್ಬ ಸೈಕಲ್ ಪಟು ಎಂಬ ನಂಬಿಕೆ ಬಂದುಬಿಟ್ಟಿತ್ತು. ಬೇಸಿಗೆ ಬಂದರೆ ಆಫೀಸಿನ ಡಚ್ಚರೆಲ್ಲ ಕಾರಿನ ಹಿಂದೆ ಸೈಕಲ್ ನೇತುಹಾಕಿಕೊಂಡು ಆಲ್ಪ್ಸ್ ಕಡೆ ಹೊರಡುತ್ತಾರೆ. "ನಾವೂ ಹೋಗೋಣ, ಏನೀಗ?" ಎಂದರು. ಅಷ್ಟರಲ್ಲಿ ಬೆಂಗಳೂರಿನಿಂದ ನಮ್ಮಕ್ಕನ ಮಗನೂ ಬಂದಿಳಿದ. ಅವನು ಭಾನುವಾರ ಬೆಳಗಾದರೆ ನಂದಿ ಬೆಟ್ಟ ಹತ್ತುವ ಪೈಕಿ. ಅವನಿಗೆ ಮೌಂಟನ್ ಬೈಕಿಂಗ್ ಆಗಬೇಕಿತ್ತು.

ಇವೆರಡೂ ಬೇರೆ ಬೇರೆ ಸಂಗತಿ ಅಂತ ನನಗೆ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ರಸ್ತೆ ಸೈಕಲ್ಲಿನವರು ಬೆಟ್ಟವನ್ನು ತುಳಿದು ಹತ್ತುತ್ತಾರೆ. ಮೌಂಟನ್ ಬೈಕಿನವರು ತಂತಿಯಲ್ಲಿ ತೂಗುತ್ತಾ ಹೋಗುವ ಲಿಫ್ಟಿನಲ್ಲಿ ಸೈಕಲ್ಲನ್ನೂ ಏರಿಸಿಕೊಂಡು ಆರಾಮಾಗಿ ಮೇಲೆ ಹೋಗಿ, ಕಲ್ಲು ಬೇರುಗಳ ಮೇಲೆ ಹಾರುತ್ತಾ ಕೆಳಗೆ ಬರುತ್ತಾರೆ. ಚಳಿಗಾಲದಲ್ಲಿ ಸ್ಕೀ ಮಾಡುವವರಿಗೆ ಇಟ್ಟ ಲಿಫ್ಟುಗಳೇ ಬೇಸಿಗೆಯಲ್ಲಿ ಇವರಿಗೆ. ಒಬ್ಬರು ದುಡ್ಡು ಕೊಟ್ಟು ಏದುಸಿರು ಬಿಡುತ್ತಾರೆ, ಇನ್ನೊಬ್ಬರು ದುಡ್ಡು ಕೊಟ್ಟು ಹೆದರಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಬೇಕೆಂದರು.

ಮೊದಲ ಮುಜುಗರ ಚಡ್ಡಿಯದು. ಸೈಕಲ್ ಚಡ್ಡಿಗೆ ಕೂರುವ ಕಡೆ ದಪ್ಪ ಮೆತ್ತೆ ಹೊಲಿದಿರುತ್ತಾರೆ, ಭುಜದ ಮೇಲೆ ಪಟ್ಟಿ ಬರುತ್ತದೆ. ಅದರ ಒಳಗೆ ಬೇರೇನೂ ಹಾಕಿಕೊಳ್ಳಬಾರದು. ಹಾಕಿಕೊಂಡರೆ ಹೊಲಿಗೆ ತಿಕ್ಕಿ ಚರ್ಮ ಕಿತ್ತು ಬರುತ್ತದೆ. ಇದನ್ನು ಅಕ್ಕನ ಮಗ ಹೇಳಿದಾಗ ಯಜಮಾನರು ಒಪ್ಪಲಿಲ್ಲ. "ಮರ್ಯಾದೆ ಅನ್ನೋದು ಒಂದಿರುತ್ತಲ್ಲೋ" ಎಂದರು. "ಚಿಕ್ಕಪ್ಪ, ಮರ್ಯಾದೆ ಬೇಕಾ, ಚರ್ಮ ಬೇಕಾ?" ಎಂದ ಅವನು. ಆ ದಿನ ಮರ್ಯಾದೆ ಗೆದ್ದಿತು. ಮಾರನೆಯ ದಿನ ಊಟಕ್ಕೆ ಹೋಟೆಲಿಗೆ ಹೋದಾಗ ಯಜಮಾನರು ಕುರ್ಚಿಯ ಒಂದು ಅಂಚಿನಲ್ಲಿ ಕೂತು, ಉಳಿದ ಮೂರು ಅಂಚುಗಳನ್ನು ಮೆನು ಮುಗಿಯುವವರೆಗೆ ಒಂದೊಂದಾಗಿ ಪರೀಕ್ಷಿಸಿದರು.

ಆಮೇಲೆ ಪೆಡಲ್ಲು. ಒಳ್ಳೆಯ ರೋಡ್ ಸೈಕಲ್ಲಿನಲ್ಲಿ ಶೂ ಪೆಡಲ್ಲಿಗೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಬಿಡಿಸಬೇಕಾದರೆ ಹಿಮ್ಮಡಿಯನ್ನು ಹೊರಗೆ ತಿರುಗಿಸಬೇಕು. ಓಡುವಾಗ ಬೀಳುವುದಿಲ್ಲ. ನಿಂತಾಗ ಬೀಳುತ್ತಾರೆ, ಅದೂ ನಿಧಾನವಾಗಿ, ನೋಡುವವರಿಗೆ ಪೂರ್ತಿ ಸಮಯ ಕೊಟ್ಟು. ಬೂರ್ ದ್ವಾಜಾಂ ಎನ್ನುವ ಪೇಟೆಯಲ್ಲಿ, ಬೇಕರಿ ಮುಂದೆ, ಬ್ರೆಡ್ ಕೊಳ್ಳಲು ನಿಂತವರ ಸಾಲಿನೆದುರು ಯಜಮಾನರು ಹಾಗೆ ಬಿದ್ದರು. ಕೈಯಲ್ಲಿ ಹ್ಯಾಂಡಲ್ ಹಿಡಿದೇ ಇದ್ದರು. ಸಾಲಿನಲ್ಲಿದ್ದ ಒಬ್ಬಾಕೆ ಬಂದು ಅವರ ಹಿಮ್ಮಡಿಯನ್ನು ಹಿಡಿದು ತಿರುಗಿಸಿ ಬಿಡಿಸಿ, ಮತ್ತೆ ಹೋಗಿ ಸಾಲಿನಲ್ಲಿ ತನ್ನ ಜಾಗದಲ್ಲೇ ನಿಂತಳು. ದಿನಾ ಮಾಡುವ ಕೆಲಸವೇನೋ ಅನ್ನುವ ಹಾಗೆ.

ಈ ಬೂರ್ ದ್ವಾಜಾಂನಿಂದಲೇ ಆಲ್ಪ್ ದುಯೆಜ್ ಏರು ಶುರು. 13.8 ಕಿಲೋಮೀಟರ್, 21 ತಿರುವು, ಸರಾಸರಿ ನೂರಕ್ಕೆ ಎಂಟು ಮೀಟರಿನಷ್ಟು ಏರು. ಸರಾಸರಿ ಎಂಬ ಮಾತನ್ನು ಯಾರೂ ನಂಬಬಾರದು. ಬುಡದಲ್ಲೇ ಅದು ಹತ್ತರ ಹತ್ತಿರ ಇದೆ. ಮೈ ಬೆಚ್ಚಗಾಗುವ ಮೊದಲೇ ಜೀವ ಬಾಯಿಗೆ ಬರುತ್ತದೆ. ತಿರುವುಗಳ ಲೆಕ್ಕವೂ ತಲೆಕೆಳಗು: ಕೆಳಗಿನದು 21, ಮೇಲಿನದು 1. ಮೊದಲ ಬೋರ್ಡಿನಲ್ಲೇ ಇಟಲಿಯ ಫೌಸ್ತೊ ಕೊಪ್ಪಿಯ ಹೆಸರಿದೆ. ಟೂರ್ ಡಿ ಫ್ರಾನ್ಸ್ ಎಂಬ ದೊಡ್ಡ ಸೈಕಲ್ ರೇಸು 1952ರಲ್ಲಿ ಮೊದಲ ಸಲ ಈ ಬೆಟ್ಟ ಹತ್ತಿದಾಗ ಗೆದ್ದವನು ಅವನು. ಇಲ್ಲಿ ಗೆದ್ದವರ ಹೆಸರೆಲ್ಲ ಹೀಗೆ ತಿರುವುಗಳ ಬೋರ್ಡಿನಲ್ಲಿದೆ. ಯಜಮಾನರು ಆ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಅದು ಒಳ್ಳೆಯದೇ ಆಯಿತು. ಅವರ ಮುಖ ಮನುಷ್ಯರ ಮುಖದಂತೆ ಕಾಣುವ ಫೋಟೊ ಆ ದಿನದ್ದು ಅದೊಂದೇ.

19ನೇ ತಿರುವಿನ ಹೊತ್ತಿಗೆ ಗೇರುಗಳೆಲ್ಲ ಮುಗಿದವು. ಆದರೂ ಅವರು ಗೇರಿನ ಗುಂಡಿಯನ್ನು ಟಿಕ್ ಟಿಕ್ ಎಂದು ಒತ್ತುತ್ತಲೇ ಇದ್ದರು. ಎಲ್ಲೋ ಒಂದು ಮರೆತುಹೋದ ಗೇರು ಮಿಕ್ಕಿರಬಹುದು ಎಂಬ ಆಸೆ. "ಮುಗೀತು ಕಣ್ರೀ, ಒತ್ತಬೇಡಿ" ಎಂದೆ. "ಇದ್ರೂ ಇರಬಹುದು" ಎಂದರು. ಇಟಲಿಯ ಮಾರ್ಕೊ ಪಂಟಾನಿ 1990ರ ದಶಕದಲ್ಲಿ ಇಡೀ ಬೆಟ್ಟವನ್ನು 40 ನಿಮಿಷದೊಳಗೆ ಹತ್ತಿದ್ದನಂತೆ. ಅಷ್ಟು ಹೊತ್ತಿನಲ್ಲಿ ನಾವು 16ನೇ ತಿರುವಿನ ಲಾ ಗಾರ್ಡ್ ಹಳ್ಳಿ ಮುಟ್ಟಿ, ನೆರಳು ಹುಡುಕುತ್ತಿದ್ದೆವು.

ಬಳಲಿಕೆ ತಡೆಯಬಹುದು. ಬಳಲಿದವರಿಗೆ ತೋರಿಸುವ ಸೌಜನ್ಯ ತಡೆಯುವುದು ಕಷ್ಟ. ದಾಟಿ ಹೋಗುವ ಪ್ರತಿಯೊಬ್ಬರೂ "ಬೋನ್‌ಜೂರ್" ಅನ್ನುತ್ತಾರೆ. ಉತ್ತರ ಕೊಡದಿದ್ದರೆ ನಾವು ಸೊಕ್ಕಿನವರಾಗುತ್ತೇವೆ. ಕೊಟ್ಟರೆ ಒಂದು ಉಸಿರು ಖರ್ಚು. ಮೊದಮೊದಲು ಯಜಮಾನರು ಪೂರ್ತಿ "ಬೋನ್‌ಜೂರ್" ಹೇಳುತ್ತಿದ್ದರು. ಆಮೇಲೆ "ಜೂರ್" ಮಾತ್ರ. ಹತ್ತನೇ ತಿರುವು ದಾಟಿದ ಮೇಲೆ ಹುಬ್ಬು ಎತ್ತುವುದಕ್ಕೆ ಇಳಿದರು. ಅದೇ ಹೊತ್ತಿಗೆ ಎಪ್ಪತ್ತರ ಆಸುಪಾಸಿನ ಗಂಡ ಹೆಂಡತಿ ಹೆಗಲಿಗೆ ಹೆಗಲು ಕೊಟ್ಟು, ಹರಟೆ ಹೊಡೆಯುತ್ತಾ ನಮ್ಮನ್ನು ದಾಟಿದರು. ಅಜ್ಜಿಯ ಮುಂದಿನ ಬುಟ್ಟಿಯಲ್ಲಿ ಒಂದು ಪುಟ್ಟ ನಾಯಿ. ಎಲೆಕ್ಟ್ರಿಕ್ ಸೈಕಲ್ಲು ಅಂತ ಬ್ಯಾಟರಿ ನೋಡಿ ಗೊತ್ತಾಯಿತು. ಆದರೂ ಆ ನಾಯಿ ನಮ್ಮ ಕಡೆ ನೋಡಿದ ರೀತಿ ಇದೆಯಲ್ಲ, ಅದಕ್ಕೆ ಬ್ಯಾಟರಿ ಕಾರಣವಲ್ಲ.

ಹಸಿವಿಗೆ ಅಲ್ಲಿಯವರು ಜೆಲ್ ಅಂತ ಒಂದು ಪೊಟ್ಟಣ ಹೀರುತ್ತಾರೆ. ಸಿಹಿ ಅಂಟು. ನಾನು ಜರ್ಸಿಯ ಬೆನ್ನ ಜೇಬಿನಲ್ಲಿ ಕೋಡುಬಳೆ ಇಟ್ಟುಕೊಂಡಿದ್ದೆ. ಬೆವರಿಗೂ ಬೆನ್ನಿಗೂ ಸಿಕ್ಕಿ ಅದು ಪುಡಿ ಪುಡಿ. ಕೈ ಹಿಂದೆ ಹಾಕಿ ಒಂದೊಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾ ಹತ್ತಿದೆ. ಉಪ್ಪು, ಖಾರ, ಎಣ್ಣೆ ಮೂರೂ ಒಟ್ಟಿಗೆ. ಜೆಲ್ ಕಂಪನಿಯವರು ಇದರ ಬಗ್ಗೆ ಯೋಚಿಸಬೇಕು.

ಏಳನೇ ತಿರುವು ಡಚ್ಚರದು. 1976ರಿಂದ 1989ರ ನಡುವೆ ಡಚ್ ಸವಾರರು ಈ ಬೆಟ್ಟದಲ್ಲಿ ಎಂಟು ಸಲ ಗೆದ್ದರು. ಗುಡ್ಡವೇ ಇಲ್ಲದ ದೇಶದವರಿಗೆ ಇದಕ್ಕಿಂತ ಇನ್ನೇನು ಬೇಕು? ಮೇಲಿನ ಚರ್ಚಿನ ಪಾದ್ರಿಯೂ ಆಗ ಡಚ್ಚರವರೇ. ತಮ್ಮವರು ಗೆದ್ದರೆ ಗಂಟೆ ಬಾರಿಸುತ್ತಿದ್ದರಂತೆ. ಈಗಲೂ ಟೂರ್ ಬಂದ ದಿನ ಆ ತಿರುವು ಪೂರ್ತಿ ಡಚ್ಚರ ಮೆಚ್ಚಿನ ಕಿತ್ತಳೆ ಬಣ್ಣ. ಯಜಮಾನರ ಆಫೀಸಿನವರು "ಅಲ್ಲಿ ಕಿತ್ತಳೆ ಹಾಕಿಕೊಳ್ಳದೆ ಹೋಗಬೇಡ" ಎಂದು ಹೇಳಿ ಕಳಿಸಿದ್ದರು. ಇವರು ಹೇಳಿದ್ದಕ್ಕಿಂತ ಜಾಸ್ತಿಯೇ ಮಾಡುವವರು. ಜರ್ಸಿ, ಹೆಲ್ಮೆಟ್, ಸಾಕ್ಸು ಎಲ್ಲ ಕಿತ್ತಳೆ. ನಾವು ಹೋದದ್ದು ಟೂರ್ ಇಲ್ಲದ ದಿನ. ಒಂದೇ ಒಂದು ಡಚ್ ಸಂಸಾರ ಅಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿತ್ತು. ಕಿತ್ತಳೆ ಕಂಡದ್ದೇ ತಡ, ನಾಲ್ಕೂ ಜನ ಎದ್ದು "ಹುಪ್! ಹುಪ್! ಹುಪ್!" ಎಂದು ಕೂಗಿದರು. ಹಾಸನದ ಹುಡುಗ ನಮ್ಮ ಯಜಮಾನರು ನೆದರ್ಲೆಂಡ್ಸಿನ ಮಾನ ಹೊತ್ತು ಪೆಡಲ್ ಮೇಲೆ ಎದ್ದು ನಿಂತು ಹತ್ತು ಹದಿನೈದು ಮೀಟರ್ ತುಳಿದೇಬಿಟ್ಟರು. ಆಮೇಲೆ ಕಾಲು ಮುಷ್ಕರ ಹೂಡಿತು. ಆ ಮನೆಯಾಕೆ ಓಡಿ ಬಂದು, ಪ್ರೀತಿಯಿಂದ ಒಂದು ಕಪ್ಪು ಮಿಠಾಯಿ ಕೈಗಿಟ್ಟರು. ಡಚ್ಚರ ಡ್ರಾಪ್ ಅದು, ಉಪ್ಪು ಹಾಕಿದ ಜ್ಯೇಷ್ಠಮಧು. ಆ ದೇಶದಲ್ಲಿ ಇಷ್ಟು ವರ್ಷ ಒಂದಲ್ಲ ಒಂದು ನೆಪ ಹೇಳಿ ಇವರು ತಪ್ಪಿಸಿಕೊಂಡು ಬಂದಿದ್ದ ತಿಂಡಿ. ನೀರಿನ ಬಾಟಲಿ ಖಾಲಿ, ಬಾಯಿ ಒಣಗಿದೆ, ಎದುರಿಗೆ ನಾಲ್ಕು ಜನ ನೋಡುತ್ತಿದ್ದಾರೆ. ನುಂಗಿದರು. ಮುಂದಿನ ತಿರುವಿನವರೆಗೆ ಇವರ ಬಾಯಿಂದ ಮಾತೇ ಬರಲಿಲ್ಲ. ದೇವರು ದೊಡ್ಡವನು.

ಒಂದನೇ ತಿರುವು ಬಂದಾಗ ಇಬ್ಬರಿಗೂ ಕಣ್ಣಲ್ಲಿ ನೀರು. ಮುಗಿಯಿತು ಎಂದುಕೊಂಡೆವು. ಒಂದಾದ ಮೇಲೆ ಸೊನ್ನೆ ತಾನೇ? ಅಲ್ಲ. ಒಂದಾದ ಮೇಲೆ ಊರು. ಊರಿನೊಳಗೆ ಮತ್ತೆ ಏರು. ಹೋಟೆಲು, ಅಂಗಡಿ ಎಲ್ಲ ದಾಟಿ ಹೋದ ಮೇಲೆ ಎಲ್ಲೋ ಮುಕ್ತಾಯದ ಗೆರೆ. ನಂಬರ್ ಹಾಕಿದವರು ಇದಕ್ಕೂ ಒಂದು ನಂಬರ್ ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮಾರನೆಯ ದಿನ ಅಕ್ಕನ ಮಗನ ಪಾಳಿ. ಸ್ಕೀ ದಾರಿಗಳ ಹಾಗೆಯೇ ಇಲ್ಲೂ ಹಸಿರು, ನೀಲಿ, ಕೆಂಪು, ಕಪ್ಪು ಅಂತ ದರ್ಜೆ. ಹಸಿರು ಸುಲಭ, ಕಪ್ಪು ಎಂದರೆ ವಿಲ್ ಬರೆದಿಟ್ಟು ಹೋಗಬೇಕಾದದ್ದು. ಬಾಡಿಗೆ ಅಂಗಡಿಯಲ್ಲಿ ಮೊಣಕಾಲಿಗೆ, ಮೊಣಕೈಗೆ, ಬೆನ್ನಿಗೆ ಕವಚ ಕಟ್ಟಿ, ಬಾಯಿ ಮುಚ್ಚುವ ಹೆಲ್ಮೆಟ್ ಇಟ್ಟರು. ಇಷ್ಟೆಲ್ಲ ಕಟ್ಟುತ್ತಾರೆಂದರೆ ಬೀಳುವುದು ಖಂಡಿತ ಅಂತಲೇ ಅಲ್ವಾ ಅರ್ಥ?

ಬಿದ್ದದ್ದಕ್ಕೆ ಕಾರಣ ಮಾತ್ರ ಬೆಟ್ಟವಲ್ಲ, ಬ್ರೇಕು. ನಮ್ಮ ದೇಶದ ಸೈಕಲ್ಲುಗಳಲ್ಲಿ ಎಡಗೈ ಬ್ರೇಕು ಹಿಂದಿನ ಚಕ್ರಕ್ಕೆ. ಫ್ರಾನ್ಸಿನಲ್ಲಿ ಎಡಗೈ ಬ್ರೇಕು ಮುಂದಿನ ಚಕ್ರಕ್ಕೆ. ನಂದಿ ಬೆಟ್ಟದ ವೀರ ಮೊದಲ ಇಳಿಜಾರಿನಲ್ಲೇ ಅಭ್ಯಾಸಬಲದಿಂದ ಎಡಗೈ ಗಟ್ಟಿಯಾಗಿ ಒತ್ತಿದ. ಸೈಕಲ್ಲು ನಿಂತಿತು. ಅವನು ನಿಲ್ಲಲಿಲ್ಲ. ಹ್ಯಾಂಡಲ್ ದಾಟಿ ಹುಲ್ಲಿನ ಮೇಲೆ ಕೂತು, "ಚಿಕ್ಕಮ್ಮಾ, ಎಡಗೈ ಮುಟ್ಟಬೇಡಿ!" ಎಂದು ಕೂಗಿದ. ನನಗೆ ಎಡಗೈ, ಬಲಗೈ ಯಾವುದರ ಅಭ್ಯಾಸವೂ ಇಲ್ಲ. ನನ್ನ ಡಚ್ ಸೈಕಲ್ಲಿನಲ್ಲಿ ಪೆಡಲ್ಲನ್ನು ಹಿಂದಕ್ಕೆ ತುಳಿದರೆ ಬ್ರೇಕು. ಹಾಗಾಗಿ ನಾನು ಹಿಂದಕ್ಕೆ ತುಳಿದೆ. ಪೆಡಲ್ಲು ಗಿರ್ರನೆ ತಿರುಗಿತು. ವೇಗ ಜಾಸ್ತಿಯಾಯಿತು. ಇನ್ನೂ ಜೋರಾಗಿ ಹಿಂದಕ್ಕೆ ತುಳಿದೆ. ಎದುರಿಗೆ ಹುಲ್ಲು ಮೇಯುತ್ತಿದ್ದ ಹಸುಗಳು, ಕೊರಳಲ್ಲಿ ದೊಡ್ಡ ಗಂಟೆ. ಅವು ದಾರಿ ಬಿಟ್ಟವು. ಬೇಲಿ ಬಿಡಲಿಲ್ಲ. ಆಲ್ಪ್ಸ್‌ನಲ್ಲಿ ಹಸುಗಳ ಬೇಲಿಗೆ ಸಣ್ಣ ಕರೆಂಟು ಹರಿಸಿರುತ್ತಾರೆ. ಹಸುವಿಗೆ ಅದು ಸಣ್ಣದು.

ಗಲಿಬಿಯೇ ಎಂಬ ಇನ್ನೊಂದು ಘಾಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2,642 ಮೀಟರ್. ಟೂರ್ 1911ರಿಂದ ಅಲ್ಲಿಗೆ ಹೋಗುತ್ತಿದೆ. ನಾವು ಅದರ ಕೆಳಗಿನ ಲೋತಾರೆ ಘಾಟಿಯವರೆಗೆ ಕಾರಿನಲ್ಲಿ ಹೋಗಿ ಅಲ್ಲಿಂದ ತುಳಿದೆವು. ಅರ್ಧ ದಾರಿಯಲ್ಲಿ ಎಲ್ಲಿಂದಲೋ ಜೋರಾಗಿ ಒಂದು ಸಿಳ್ಳೆ ಕೇಳಿತು. ಸರ್ಕಾರಿ ಬಸ್ಸಿನ ಕಂಡಕ್ಟರ್ ಊದಿದ ಹಾಗೆಯೇ ಇತ್ತು. ಹಾಸನದಲ್ಲಿ ಬೆಳೆದವರು, ಸಿಳ್ಳೆ ಕೇಳಿದರೆ ನಿಲ್ಲುವುದು ರಕ್ತದಲ್ಲಿದೆ. ಯಜಮಾನರು ನಿಂತರು. ಶೂ ಪೆಡಲ್ಲಿನಲ್ಲೇ ಇತ್ತು. ಮುಂದಿನದು ನಿಮಗೆ ಗೊತ್ತು. ಊದಿದ್ದು ಮಾರ್ಮಟ್ ಎಂಬ ಪ್ರಾಣಿ, ಅಳಿಲಿನ ದಪ್ಪ ಅಣ್ಣ. ಅಪಾಯ ಕಂಡರೆ ಸಿಳ್ಳೆ ಹಾಕಿ ತನ್ನವರನ್ನು ಎಚ್ಚರಿಸುತ್ತದೆಯಂತೆ. ಅಪಾಯ ನಾವೇ.

ಇಳಿಯುವಾಗ ಚಳಿ ತಡೆಯಲು ಹಳೆಯ ಕಾಲದ ಸವಾರರು ಜರ್ಸಿಯೊಳಗೆ ಪೇಪರ್ ಇಟ್ಟುಕೊಳ್ಳುತ್ತಿದ್ದರು. ಇವರೂ ಎದೆಗೆ ಒಂದು ಫ್ರೆಂಚ್ ಪೇಪರ್ ಇಟ್ಟುಕೊಂಡರು. ಕೆಳಗೆ ಬರುವಷ್ಟರಲ್ಲಿ ಬೆವರಿಗೆ ಶಾಯಿ ಕರಗಿ, ಹೊಟ್ಟೆಯ ಮೇಲೆ ಒಂದು ಜಾಹೀರಾತು ಉಲ್ಟಾ ಅಚ್ಚಾಗಿತ್ತು. ಸ್ನಾನ ಮಾಡಿದರೂ ಬೇಗ ಹೋಗಲಿಲ್ಲ.

ಇನ್ನು ಆ ಫೋಟೊಗ್ರಾಫರ್. ಆಲ್ಪ್ ದುಯೆಜ್ ಹತ್ತುವಾಗ ಫೋಟೊ ಹೊಡೆದು, ಪಕ್ಕದಲ್ಲೇ ಓಡಿಬಂದು ಒಂದು ಚೀಟಿಯನ್ನು ಇವರ ಬೆನ್ನ ಜೇಬಿಗೆ ತುರುಕಿದ್ದ. ಓಡಿಕೊಂಡೇ ನಮ್ಮನ್ನು ಹಿಡಿದ ಎಂಬುದನ್ನು ಗಮನಿಸಿ. ಯಜಮಾನರು ದುಡ್ಡು ಕೊಟ್ಟು ಆ ಫೋಟೊ ತರಿಸಿಕೊಂಡು, ಹಾಸನಕ್ಕೆ ವಾಟ್ಸಾಪ್ ಮಾಡಿದರು. ಹತ್ತು ನಿಮಿಷದಲ್ಲಿ ನಮ್ಮತ್ತೆಯ ವಿಡಿಯೊ ಕಾಲ್ ಬಂತು.

"ಇದೇನೋ, ಬಾಯಿ ತೆಕ್ಕೊಂಡು? ಹುಷಾರಿದ್ದೀಯಾ?"

"ಬೆಟ್ಟ ಹತ್ತಿದೆ ಅಮ್ಮ. ಸೈಕಲ್ಲಲ್ಲಿ."

"ಯಾಕೆ, ಬಸ್ ಇರ್ಲಿಲ್ವಾ?"

"ಬಸ್ ಇದೆ ಅಮ್ಮ."

ಅತ್ತೆ ಸ್ವಲ್ಪ ಯೋಚಿಸಿದರು. ಬಸ್ ಬಿಟ್ಟು ಕಷ್ಟಪಟ್ಟು ಬೆಟ್ಟ ಹತ್ತುವುದಕ್ಕೆ ಅವರಿಗೆ ಗೊತ್ತಿದ್ದ ಕಾರಣ ಒಂದೇ. "ಮೇಲೆ ಯಾವ ದೇವರು?"

"ಚರ್ಚ್ ಇದೆ" ಎಂದರು ಯಜಮಾನರು. ಸುಳ್ಳಲ್ಲ. ಹಿಮದ ಮಾತೆಯ ಹೆಸರಿನ ಚರ್ಚ್ ನಿಜಕ್ಕೂ ಇದೆ. ನಾವು ಒಳಗೆ ಹೋಗಿರಲಿಲ್ಲ, ಅಷ್ಟೇ.

"ಹಂಗಾದ್ರೆ ಹರಕೆ ಇರ್ಬೇಕು. ಏನು ಹರಕೆ?"

ಯಜಮಾನರು ನನ್ನ ಮುಖ ನೋಡಿದರು. ಹಿಂದಿನಿಂದ ಅಕ್ಕನ ಮಗ ಇಣುಕಿ, "ಹೊಟ್ಟೆ ಕರಗ್ಲಿ ಅಂತ ಅಜ್ಜಿ" ಎಂದ.

ಅತ್ತೆ ಕನ್ನಡಕ ಹಾಕಿಕೊಂಡು ಫೋಟೊ ಮತ್ತೊಮ್ಮೆ ನೋಡಿದರು. "ಇನ್ನೊಂದ್ಸಲ ಹೋಗ್ಬೇಕಾಗುತ್ತೆ" ಎಂದರು.